ಒಂದು ರಿಂಗು, ಒಂದು ಲಾಡಿ

ಮೊನ್ನೆ ಶನಿವಾರ ಮಧ್ಯಾಹ್ನ ಬೀರುವಿನ ಕೆಳಖಾನೆಯಲ್ಲಿ ಮಫ್ಲರ್ ಹುಡುಕುತ್ತಿದ್ದೆ. ಮಫ್ಲರ್ ಸಿಗಲಿಲ್ಲ. ಸಿಕ್ಕಿದ್ದು ಒಂದು ಲಾಡಿ. ಪೈಜಾಮದಿಂದ ಎಂದೋ ಬೇರೆಯಾದ, ಎರಡು ತುದಿಗೂ ಕುಣಿಕೆ ಹಾಕಿದ, ಬಿಳಿಯಾಗಿದ್ದೆನೆಂಬುದನ್ನೇ ಮರೆತ ಎರಡು ಮೊಳದ ಲಾಡಿ. ಅದರ ಪಕ್ಕದಲ್ಲೇ ಮಡಿಕೆ ಬಿಚ್ಚದ ಜರಿಯಂಚಿನ ಶಾಲು. ಎರಡೂ ಒಂದೇ ಭಾನುವಾರಕ್ಕೆ ಸೇರಿದವು. ಎರಡರಲ್ಲಿ ಯಾವುದರ ಮಡಿಕೆಯೊಳಗೆ ನುಸಿಗುಳಿಗೆ ಇಟ್ಟಿದ್ದೆ ಎಂದು ಕೇಳಿ ನನ್ನ ಮರ್ಯಾದೆ ತೆಗೆಯಬೇಡಿ. ಶಾಲಿನದು.

ಲಾಡಿಯ ಚರಿತ್ರೆ ಹೇಳಬೇಕಾದರೆ ನನ್ನ ಸಕ್ಕರೆ ಕಾಯಿಲೆಯಿಂದ ಶುರುಮಾಡಬೇಕು. ಆಗ ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಊರೂರಿಗೆ ಹೋಗುವವರನ್ನೆಲ್ಲ ಕಿಂಡಿಯೊಳಗಿಂದ ಕಳಿಸಿಕೊಡುತ್ತ ನಾನು ಮಾತ್ರ ಕುರ್ಚಿ ಬಿಟ್ಟು ಏಳದೆ ಇಪ್ಪತ್ತು ವರ್ಷ ಕಳೆದಿದ್ದೆ. ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಓಡಿ. ಓಡಕ್ಕಾಗದಿದ್ರೆ ನಡೀರಿ. ಅದೂ ಆಗದಿದ್ರೆ ನನ್ನ ಹತ್ತಿರ ಬರಬೇಡಿ" ಎಂದರು. ಮಾರನೆಯ ದಿನ ಭಾನುವಾರ, ಬೆಳಿಗ್ಗೆ ಹೈಸ್ಕೂಲು ಮೈದಾನಕ್ಕೆ ಹೋದೆ. ಅಲ್ಲಿ ನನ್ನಂಥ ಸಕ್ಕರೆ ಮಹನೀಯರು ಹತ್ತಾರು ಜನ ಕೈಬೀಸುತ್ತ, ರಾತ್ರಿ ತಿಂದದ್ದರ ಬಗ್ಗೆ ಪಶ್ಚಾತ್ತಾಪವನ್ನೂ ಈಗ ತಿನ್ನಲಿರುವುದರ ಬಗ್ಗೆ ಆಸೆಯನ್ನೂ ಏಕಕಾಲಕ್ಕೆ ವ್ಯಕ್ತಪಡಿಸುತ್ತ ಅಡ್ಡಾಡುತ್ತಿದ್ದರು. ಅದಕ್ಕೆ ವ್ಯಾಯಾಮ ಎಂದು ಹೆಸರು.

ಮೈದಾನದ ನಡುವಿನ ಧ್ವಜಸ್ತಂಭದ ಸುತ್ತ ಒಬ್ಬ ಯುವಕ ಓಡುತ್ತಿದ್ದ. ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡಿದ್ದ. ಓಡಿದಷ್ಟೂ ಹಗ್ಗ ಕಂಬಕ್ಕೆ ಸುತ್ತಿಕೊಂಡು ಗಿಡ್ಡವಾಗುತ್ತಿತ್ತು. ಕಂಬ ಮೂಗಿಗೆ ತಾಗುವಷ್ಟು ಹತ್ತಿರವಾದಾಗ ತಿರುಗಿ ಎದುರು ದಿಕ್ಕಿಗೆ ಓಡಿ ಅಷ್ಟನ್ನೂ ಬಿಚ್ಚುತ್ತಿದ್ದ. ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಗಂಡಸಿ ಊರಿನ ಕಡೆಯವನು, ಹೆಸರು ಸಿದ್ದೇಶ. ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಎಸ್‌ಟಿಡಿ ಬೂತ್ ಇತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆ ಕ್ಷಣದಲ್ಲಿ ನಾನು ಮಾಡಿದ್ದು ನಿಂತು, "ಪಾಪ" ಎಂದದ್ದು ಮಾತ್ರ.

"ಯಾರ್ರೀ ಅದು ಪಾಪ ಅಂದೋರು?" ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಕೈಯಿಂದ ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಒಬ್ಬ ಹೆಂಗಸು ಬಂದು ನನ್ನ ಕಾಲಬೆರಳಿಗೆ ಮುಂದಿನ ಗಾಲಿ ತಾಗಿಸಿ ನಿಲ್ಲಿಸಿದಳು. ಕಣಕಟ್ಟೆಯ ಶಾರದಮ್ಮ. ಪೋಲಿಯೋ ಎರಡು ಕಾಲನ್ನೂ ತಿಂದಿತ್ತು. ನಾಲಿಗೆಯನ್ನು ಮಾತ್ರ ಹೆದರಿ ಮುಟ್ಟಿರಲಿಲ್ಲ. "ಇಲ್ಲಿ ಪಾಪ ಅಂದ್ರೆ ಒಂದು ರೌಂಡು. ಹೋಗ್ಬನ್ನಿ."

"ಅಲ್ಲಮ್ಮ, ನಾನು ಕನಿಕರದಿಂದ..."

"ಕನಿಕರ ಅಂದ್ರೆ ಎರಡು."

ಓಡಿದೆ. ಮರಳಿ ಬಂದಾಗ ನನ್ನ ಎದೆಯಿಂದ ಸ್ಟೇಷನ್ನಿನಲ್ಲೂ ಕೇಳದ ಶಬ್ದಗಳು ಹೊರಡುತ್ತಿದ್ದವು. ಸಿದ್ದೇಶ ಕಿವಿಗೊಟ್ಟು ಕೇಳಿ, "ಶಾರದಕ್ಕ, ಇವ್ರು ನನ್ಗಿಂತ ನಿಧಾನ ಕಣಕ್ಕ. ನನ್ ಜೊತೆಗೆ ಆಯ್ತಾರೆ" ಎಂದ. ಶಾರದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಂಬಕ್ಕಿಂತ ವಾಸಿ. ಕಂಬ ಓಡಲ್ಲ" ಎಂದು ಅನುಮೋದಿಸಿದಳು. ಇಪ್ಪತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ನನಗೆ ಸಿಕ್ಕ ಏಕೈಕ ಬಡ್ತಿ ಅದು.

ನಾರಿನ ಹಗ್ಗ ಅವನ ಮಣಿಕಟ್ಟನ್ನು ತರಚಿ ಹುಣ್ಣು ಮಾಡಿತ್ತು. ಆದ್ದರಿಂದ ಮುಂದಿನ ಭಾನುವಾರ ನನ್ನ ಪೈಜಾಮದ ಲಾಡಿ ಎಳೆದುಕೊಂಡು ಹೋದೆ. ಒಂದು ಕುಣಿಕೆ ಅವನ ಕೈಗೆ, ಒಂದು ನನ್ನ ಕೈಗೆ. ನನಗೋ ವರ್ಣನೆಯ ಚಪಲ. "ನೋಡಪ್ಪಾ, ಮಾಲೇಕಲ್ಲು ಬೆಟ್ಟದ ಕಡೆ ಮುಗಿಲು ಕೆಂಪೇರಿ..." ಎಂದು ಆರಂಭಿಸಿ ಅವನನ್ನು ನೇರ ಮೊಣಕಾಲುದ್ದದ ಗುಂಡಿಗೆ ಇಳಿಸಿದೆ. ಅವನು ಎದ್ದು ಮಂಡಿ ಒರೆಸಿಕೊಂಡು, "ಗುಂಡಿ ಇದ್ರೆ ಹೇಳಿ ಸಾ. ಸೂರ್ಯ ಅವನ ಪಾಡಿಗೆ ಹುಟ್ಕಳ್ಲಿ" ಎಂದ.

ನಾಲ್ಕನೆಯವನು ಬೇಲೂರಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಲೋಕೇಶ. ಕಿವಿ ಕೇಳದು, ಬಾಯಿ ಬಾರದು. ಭಾನುವಾರದ ಮೊದಲ ಬಸ್ಸಿಗೆ ಬರುತ್ತಿದ್ದ. ಶಾರದಮ್ಮನೂ ಬಸ್ಸಿಗೇ, ಅವಳ ಸೈಕಲ್ಲು ಬಸ್ಸಿನ ಟಾಪಿನ ಮೇಲೆ. "ಇದೆಲ್ಲ ಹಾಕಂಗಿಲ್ಲಮ್ಮ" ಎನ್ನುವ ಕಂಡಕ್ಟರಿಗೆ ಅವಳು, "ನನ್ ಕಾಲು ಮೇಲಿರುತ್ತೆ, ನಾನು ಕೆಳಗಿರ್ತೀನಿ. ಒಂದೇ ಟಿಕೇಟು ಹರಿ" ಎನ್ನುತ್ತಿದ್ದಳು.

ಈ ಮೂರು ದಿಕ್ಕಿನ ಜನರನ್ನು ಒಂದು ಮಾಡುತ್ತಿದ್ದದ್ದು ಸಿದ್ದೇಶನ ಬೂತಿನ ಫೋನು. ಶನಿವಾರ ಸಂಜೆ ಏಳಕ್ಕೆ ಸರಿಯಾಗಿ ನನ್ನ ಮನೆಯ ಫೋನು ಒಂದು ಸಲ ಬಡಿದು ಸುಮ್ಮನಾಗುತ್ತಿತ್ತು. ನಾಳೆ ಓಟ ಇದೆ ಎಂದು ಅರ್ಥ. ನಾವು ತಿರುಗಿ ಒಂದು ರಿಂಗ್ ಕೊಟ್ಟರೆ ಬರುತ್ತೇವೆ. ಎರಡು ಕೊಟ್ಟರೆ ಇಲ್ಲ. ಏಳೂ ಐದಕ್ಕೆ ಕಣಕಟ್ಟೆಯಲ್ಲಿ ಶಾರದಮ್ಮನ ಪಕ್ಕದ ಅಂಗಡಿ, ಏಳೂ ಹತ್ತಕ್ಕೆ ಬೇಲೂರು. ಕಿವಿ ಕೇಳದ ಲೋಕೇಶನಿಗೆ ರಿಂಗ್ ಹೇಗೆ ಎನ್ನುತ್ತೀರಾ? ಅವನು ಫೋನನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ಅಂಗೈಯನ್ನು ತಟ್ಟೆಯ ಮೇಲಿಟ್ಟು ಕಾಯುತ್ತಿದ್ದ. ತಟ್ಟೆ ಒಮ್ಮೆ ನಡುಗಿದರೆ ಅವನ ಮುಖ ಅರಳುತ್ತಿತ್ತಂತೆ. ಫೋನ್ ಎತ್ತಬಾರದೆಂಬುದೊಂದೇ ನಮ್ಮ ಸಂಘದ ಸಂವಿಧಾನ. ನನ್ನ ಹೆಂಡತಿ ಮಾತ್ರ ಒಮ್ಮೆ ಎತ್ತಿ, "ಹಲೋ, ಊಟ ಆಯ್ತಾ?" ಎಂದು ಕೇಳಿ ಇಡೀ ಓಟವನ್ನು ರದ್ದುಪಡಿಸಿದ್ದಳು.

ಇಂಥ ಸುಖದಲ್ಲಿರುವಾಗ ಸೇವೆ ನಮ್ಮನ್ನು ಪತ್ತೆಹಚ್ಚಿತು.

ನಮ್ಮ ಕಡೆ ಸೇವೆ ಮಾಡುವವರಿಗೆ ಕೊರತೆಯಿಲ್ಲ; ಮಾಡಿಸಿಕೊಳ್ಳುವವರದೇ ಅಭಾವ. ಹಾಗಾಗಿ ಯಾರಾದರೂ ಕುಂಟುತ್ತ ರಸ್ತೆ ದಾಟಿದರೆ ಸಾಕು, ಬ್ಯಾನರ್ ಸಮೇತ ಮೇಲೆ ಬೀಳುತ್ತಾರೆ. ಅಂಥದೊಂದು ಸೇವಾ ಸಂಘ ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರಿನ ಓಟ ಏರ್ಪಡಿಸಿತು. ಅಂಗವಿಕಲರಿಗೆ ವಿಶೇಷ ಅವಕಾಶ: ಬೇಲೂರಿನ ಕಡೆಯ ನೂರು ಮೀಟರು ಮಾತ್ರ. ಉಳಿದದ್ದನ್ನು ಅವರ ಪರವಾಗಿ ಸಮಾಜ ಓಡಲಿದೆ. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಬಕೆಟ್. ಕಾಲಿಲ್ಲದವರಿಗೂ ಕಣ್ಣಿಲ್ಲದವರಿಗೂ ಈ ಮಹನೀಯರು ಸದಾ ಬಕೆಟ್ ಏಕೆ ಕೊಡುತ್ತಾರೆಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಸಿದ್ದೇಶ, "ನಾನು ಪೂರ್ತಿ ಓಡ್ತೀನಿ ಸಾ" ಎಂದ. "ಚಿಕ್ಕೋನಿದ್ದಾಗಿಂದ ಆ ರಸ್ತೇಲಿ ಬಸ್ಸಲ್ಲಿ ಓಡಾಡಿವ್ನಿ. ಹಳೇಬೀಡಲ್ಲಿ ಹತ್ತುಸ್ತಾರೆ, ಬೇಲೂರಲ್ಲಿ ಇಳುಸ್ತಾರೆ. ಮಧ್ಯ ಏನೈತೆ ಅನ್ನದು ನನ್ ಕಾಲಿಗೆ ಗೊತ್ತೇ ಇಲ್ಲ. ಒಂದ್ಸಲ ಗೊತ್ತಾಗ್ಬೇಕು."

ನಾನು ಸಂಘದ ಅಧ್ಯಕ್ಷರ ಕೊಬ್ಬರಿ ಮಂಡಿಗೆ ಹೋಗಿ ವಾದಿಸಿದೆ. ಜೊತೆಗಾರನಿದ್ದರೆ ಮಾತ್ರ ಓಡಬಹುದೆಂದು ಅವರು ಒಪ್ಪಿದರು. ಆರು ತಿಂಗಳು ತಯಾರಿ ನಡೆಯಿತು. ಓಟದ ಹಿಂದಿನ ಸಂಜೆ ಏಳಕ್ಕೆ ಫೋನು ಒಮ್ಮೆ ಬಡಿಯಿತು. ನಾನೂ ಒಂದು ರಿಂಗ್ ಕೊಟ್ಟೆ.

ಹಳೇಬೀಡಿನಲ್ಲಿ ಗೆರೆ ಎಳೆದ ಜಾಗಕ್ಕೆ ಎದುರಾಗಿಯೇ ಶಾಮಿಯಾನ, ವೇದಿಕೆ. ನಾವು ನಾಲ್ವರೂ ಗೆರೆಯ ಮೇಲೆ ನಿಂತಿದ್ದೆವು. ಅಧ್ಯಕ್ಷರು ಓಡಿಬಂದು ನನ್ನ ರಟ್ಟೆ ಹಿಡಿದರು. ಆ ದಿನ ಅವರು ಓಡಿದ್ದು ಅಷ್ಟೇ. "ಸಾರ್, ಇವರನ್ನೆಲ್ಲ ಕಟ್ಟಿ ಬೆಳೆಸಿದೋರು ನೀವು. ಒಂದು ಸಣ್ಣ ಸನ್ಮಾನ. ಎರಡೇ ನಿಮಿಷ."

ಇವರನ್ನು ನಾನು ಕಟ್ಟಿ ಬೆಳೆಸಿದ್ದೆನೇ? ನಾನು ಕಂಬದ ಬದಲಿಗೆ ಬಂದವನು. ಆದರೆ ಸನ್ಮಾನವೆಂಬ ಶಬ್ದ ಕಿವಿಗೆ ಬಿದ್ದಾಗ ಟಿಕೆಟ್ ಗುಮಾಸ್ತನ ಕುತ್ತಿಗೆ ತಾನಾಗಿ ಒಂದಿಷ್ಟು ಉದ್ದವಾಗುತ್ತದೆ. "ಬಂದೆ ಕಣಪ್ಪ, ಎರಡು ನಿಮಿಷ" ಎಂದೆ.

"ಹೋಗ್ಬನ್ನಿ ಸಾ. ಲಾಡಿ ಕೊಟ್ಟೋಗಿ."

"ನನ್ನ ಜೇಬಲ್ಲೇ ಇರಲಿ ಬಿಡು, ಬಂದೇಬಿಟ್ಟೆ" ಎಂದು ಮೆಟ್ಟಿಲು ಹತ್ತಿದೆ.

ಸ್ವಾಗತವಾಯಿತು. ಪ್ರಾಸ್ತಾವಿಕವಾಯಿತು. ನನ್ನ ತ್ಯಾಗದ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳನ್ನು ಒಬ್ಬರು ಹೇಳಿದರು. ನಾನು ತಲೆ ತಗ್ಗಿಸಿ, ವಿನಯ ಎಲ್ಲರಿಗೂ ಕಾಣುವಂತೆ ಕುಳಿತಿದ್ದೆ. ಶಾಲು ಹೊದೆಸಿ, ಹಾರ ಹಾಕುತ್ತಿದ್ದಂತೆ ಮುಖ್ಯ ಅತಿಥಿಗಳು ಬೇರೆ ಕಾರ್ಯಕ್ರಮದ ಅವಸರದಲ್ಲಿ ಬಾವುಟ ಬೀಸಿಯೇಬಿಟ್ಟರು. ಹಾರದ ಸೇವಂತಿಗೆಯ ನಡುವಿನಿಂದ ನೋಡಿದೆ. ಎಲ್ಲರೂ ಓಡಿಹೋದ ಗೆರೆಯ ಮೇಲೆ ಸಿದ್ದೇಶ ಒಬ್ಬನೇ ಎಡಗೈಯ ಮಣಿಕಟ್ಟನ್ನು ಮುಂದಕ್ಕೆ ಚಾಚಿ ನಿಂತಿದ್ದ. ಕುಣಿಕೆ ಹಾಕುವವನಿಗಾಗಿ.

ನಾನು ಹಾರ ಕಿತ್ತೆಸೆದು ಇಳಿಯಬಹುದಿತ್ತು. ಇಳಿಯಲಿಲ್ಲ. ಫೋಟೋದವನು "ಸಾರ್, ಇಲ್ನೋಡಿ" ಎಂದಿದ್ದ.

ಬ್ಯಾಡ್ಜ್ ಹಾಕಿದ ಇಬ್ಬರು ಸಿದ್ದೇಶನನ್ನು ಬದಿಗೆ ಎಳೆಯಲು ಬಂದರು. ಅಷ್ಟರಲ್ಲಿ ಮುಂದೆ ಹೋಗಿದ್ದ ಶಾರದಮ್ಮ ಸೈಕಲ್ ತಿರುಗಿಸಿಕೊಂಡು ಬಂದು, "ಏಯ್, ಮುಟ್ಟಿದ್ರೆ ಗಾಲಿ ಹತ್ತುಸ್ಬಿಡ್ತೀನಿ. ಸಿದ್ದೇಸ, ಹಿಡ್ಕಳ್ಲಾ ನನ್ ಸೀಟು!" ಎಂದಳು. ಅವಳ ಹಿಂದೆಯೇ ಮರಳಿ ಬಂದ ಲೋಕೇಶ ತನ್ನ ಟವೆಲನ್ನು ಸೀಟಿನ ಹಿಂದಿನ ಕಂಬಿಗೆ ಬಿಗಿದು ಅದರ ತುದಿಯನ್ನು ಅವನ ಕೈಗೆ ಸುತ್ತಿದ. ಮೂವರೂ ಹೊರಟರು.

ನಾನು ಸಂಘದ ಜೀಪಿನಲ್ಲಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರನ್ನು ದಾಟಿಹೋದೆ. ಅಧ್ಯಕ್ಷರು, "ಪಾಪ, ಏನು ಛಲ ನೋಡಿ" ಎಂದರು. ನಾನು ತಲೆಯಾಡಿಸಿದೆ. ಆ ಜೀಪಿನಲ್ಲಿ ರೌಂಡು ಹೊಡೆಸುವವರು ಯಾರೂ ಇರಲಿಲ್ಲ.

ಅವರು ಬೇಲೂರು ಮುಟ್ಟುವ ಹೊತ್ತಿಗೆ ಅಲ್ಲಿನ ಶಾಮಿಯಾನವನ್ನೂ ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಬಕೆಟ್ಟುಗಳೂ ಖರ್ಚಾಗಿದ್ದವು. ಸಿದ್ದೇಶನ ಮುಖದ ತುಂಬ ಧೂಳು, ಬೆವರು, ಮತ್ತು ನಾನು ಅದುವರೆಗೆ ನೋಡದ ಒಂದು ತೃಪ್ತಿ. ಹಾರದ ವಾಸನೆಯಿಂದಲೋ ಏನೋ, ನಾನೆಂದು ಗೊತ್ತಾಯಿತು. ನನ್ನ ಕಡೆ ಮುಖ ತಿರುಗಿಸಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ: "ಒಂದ್ ರಿಂಗ್ ಕೊಟ್ಟಿದ್ರಲ್ಲ ಸಾ?"

ಶಾರದಮ್ಮ ಅಂಗೈಯ ಬೊಬ್ಬೆಗೆ ಉಗುಳು ಸವರಿಕೊಳ್ಳುತ್ತ ಹೇಳಿದಳು: "ಕಂಬಾನೇ ವಾಸಿಯಾಗಿತ್ತು ಕಣ್ರೀ. ವೇದಿಕೆ ಮೇಲಂತೂ ಹತ್ತೋಗ್ತಿರ್ಲಿಲ್ಲ."

ಮುಂದಿನ ಶನಿವಾರ ಫೋನು ಬಡಿಯುವುದಿಲ್ಲವೆಂದು ನಂಬಿದ್ದೆ. ಏಳಕ್ಕೆ ಸರಿಯಾಗಿ ಒಂದು ರಿಂಗು. ಹೋಗಲು ಮುಖವಿರಲಿಲ್ಲ. ಎರಡು ರಿಂಗ್ ಕೊಟ್ಟೆ. ಅದರ ಮುಂದಿನ ವಾರವೂ ಎರಡು. ಹೀಗೆ ಎಂಟು ವರ್ಷ! ಎಲ್ಲರ ಕೈಗೂ ಮೊಬೈಲ್ ಬಂತು, ಬೂತು ಹೋಗಿ ಅದೇ ಜಾಗದಲ್ಲಿ ಸಿದ್ದೇಶನ ರೀಚಾರ್ಜ್ ಅಂಗಡಿಯಾಯಿತು. ಸೇವಾ ಸಂಘವೂ ಆಧುನಿಕವಾಗಿ, ವರ್ಷಕ್ಕೊಮ್ಮೆ ಊರಿಗೆಲ್ಲ ಅಂಗವಿಕಲರ ದಿನದ ಶುಭಾಶಯದ ಮೆಸೇಜ್ ಕಳಿಸಿ, ಗೆರೆ ಎಳೆಯುವ ಶ್ರಮವನ್ನೂ ಉಳಿಸಿಕೊಂಡಿತು. ಸಂಪರ್ಕದಲ್ಲಿರುವುದು ಇಷ್ಟು ಸುಲಭವಾಗಿರುವಾಗ ಓಡುವವರು ಯಾರು? ಅವರನ್ನು ಹಂಗಿಸುವ ಅರ್ಹತೆ ನನಗಿಲ್ಲ ಬಿಡಿ. ವಾರಕ್ಕೆ ಎರಡು ರಿಂಗಿನಲ್ಲಿ ನಾನೂ ಸಂಪರ್ಕ ಉಳಿಸಿಕೊಂಡವನೇ.

ಇನ್ನೊಂದು ಸಂಗತಿಯಿದೆ, ನಿಮ್ಮಲ್ಲೇ ಇರಲಿ. ನನ್ನ ಚಪ್ಪಲಿಯ ಸದ್ದು ಸಿದ್ದೇಶನಿಗೆ ಗೊತ್ತು. ಆದ್ದರಿಂದ ಬಸ್‌ಸ್ಟ್ಯಾಂಡಿಗೆ ಹೋಗಬೇಕಾದಾಗಲೆಲ್ಲ ಅವನ ಅಂಗಡಿಯ ಮುಂದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದೆ. ಜರಿ ಶಾಲಿನ ಗೌರವಕ್ಕೆ ಪಾತ್ರನಾದ, ಪಿಂಚಣಿ ಪಡೆಯುವ ಹಿರಿಯ ನಾಗರಿಕ, ಹಾಡುಹಗಲು, ಕಣ್ಣು ಕಾಣದವನ ಮುಂದೆ ತುದಿಗಾಲಿನಲ್ಲಿ.

ಮೊನ್ನೆ ಸಂಜೆ ಲಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಏಳಕ್ಕೆ ಮೊಬೈಲು ಒಮ್ಮೆ ಬಡಿದು ನಿಂತಿತು. ನಾನು ತಿರುಗಿ ಒಂದು ರಿಂಗ್ ಕೊಟ್ಟೆ. ಎರಡನೆಯದಕ್ಕೆ ಬೆರಳು ಅಭ್ಯಾಸಬಲದಿಂದ ಹೋಯಿತು, ತಡೆದೆ.

ಐದು ನಿಮಿಷ ಕಳೆಯಿತು. ಆಮೇಲೆ ಫೋನು ಬಡಿಯಿತು. ಒಂದು, ಎರಡು, ಮೂರು, ನಾಲ್ಕು. ನಿಲ್ಲಲೇ ಇಲ್ಲ. ಸಂವಿಧಾನ ಮುರಿದು ಎತ್ತಿದೆ.

"ಸಾ, ಎರಡ್ನೇದು ಬರ್ಲಿಲ್ಲ ಅಂತ ಕಾದೆ" ಎಂದ ಸಿದ್ದೇಶ. "ಕರೆನ್ಸಿ ಖಾಲಿಯಾಯ್ತಾ? ಹಾಕ್ಲಾ?"

"ಇಲ್ಲಪ್ಪ. ಒಂದೇ. ಬರ್ತೀನಿ. ಆದರೆ ಈಗ ನನ್ನ ಮಂಡಿ... ಓಡೋಕೆ..."

"ನಡೀರಿ ಸಾಕು. ಲಾಡಿ ಐತಾ?"

"ಇದೆ."

ಆ ಕಡೆ ಅವನು ಯಾರಿಗೋ, "ಲೇ, ಶಾರದಕ್ಕಂಗೆ ಫೋನ್ ಹಾಕು, ಕಂಬ ಬತ್ತೈತಂತೆ" ಎಂದು ಹೇಳುವುದು ಕೇಳಿಸಿತು. ಆಮೇಲೆ ಮತ್ತೆ ನನ್ನ ಕಿವಿಗೆ, ಸ್ವಲ್ಪ ತಗ್ಗಿದ ದನಿಯಲ್ಲಿ:

"ಸಾ, ನಾಳೆ ಚಪ್ಪಲಿ ಹಾಕ್ಕಂಡೇ ಬನ್ನಿ. ನಮ್ಮಂಗಡಿ ಮುಂದೆ ಗಾಜಿನ ಚೂರು ಜಾಸ್ತಿ. ನೀವು ಬರಿಗಾಲಲ್ಲಿ ಹೋಗವಾಗೆಲ್ಲ ನಂಗೆ ಜೀವ ಕೈಲಿರ್ತಿತ್ತು."