ಮೂಸಾ ಬೈಯದ ಬೈಗುಳ

ಆ ಬೈಗುಳ ಮೂಸಾ ಬೈದದ್ದಲ್ಲ. ನಾನು ಹುಟ್ಟಿಸಿದ್ದು. ಮೂಸಾ ಅವರೇ ಅಂದದ್ದೆಂದು ಅಗಾಲಿಗೆ ಹೇಳಿದೆ, ಆಮೇಲೆ ನನ್ನ ಡಿಗ್ರಿಯ ಪ್ರಬಂಧದಲ್ಲೂ ಹಾಗೆಂದೇ ಬರೆದೆ — ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆಗುವುದೇ ಇಲ್ಲ ಅಂದವರು ಇಬ್ಬರು. ಅಗಾಲಿ, ಮೂಸಾ ಒಂದು ಮೇಜಿಗೆ ಕೂರುವುದು ಆಗದ ಮಾತು ಎಂದವರು ನನ್ನ ಪ್ರೊಫೆಸರ್. ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರತ್ತೆ. "ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದೋರು ಯಾರವ್ರೆ ಹೇಳು? ನೀನು ಪುಸ್ತಕ ಹಿಡ್ಕಂಡು ಕೂತ್ರೆ ದೋಸೆ ಹುಯ್ಯೋರು ಯಾರು?" ಅತ್ತೆಯ ಮಗ ಶಿವುವನ್ನೇ ಮದುವೆಯಾಗಿ ಮಂಡ್ಯದಿಂದ ನ್ಯೂಜೆರ್ಸಿಗೆ ಬಂದವಳು ನಾನು. ವುಡ್‌ಬ್ರಿಡ್ಜಿನಲ್ಲಿ ಅತ್ತೆಯದೊಂದು ಚಿಕ್ಕ ಹೋಟೆಲು. ಬ್ಯಾಂಕುಗಳು ಮುಳುಗಿದ ಆ ವರ್ಷಗಳಲ್ಲಿ ಆಫೀಸಿನವರು ಊಟಕ್ಕೆ ಬರುವುದು ನಿಂತುಹೋಯಿತು, ಮಧ್ಯಾಹ್ನವೆಲ್ಲ ಮೇಜುಗಳು ಖಾಲಿ. ಊರಿಗೆಲ್ಲ ಬಂದ ಕಷ್ಟ — ಹೇಳಲು ನಾಚಿಕೆ — ನನಗೆ ಓದಲು ಪುರುಸೊತ್ತು ಕೊಟ್ಟಿತು. ಪಿಸ್ಕಾಟವೇಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ, ಪಾಠ ಅರ್ಥವಾಗದೆ ಅತ್ತು, ಮಾರನೇ ದಿನ ಮತ್ತೆ ಹೋಗಿ, ಇತಿಹಾಸದಲ್ಲಿ ಕೊನೆಯ ವರ್ಷ ಮುಟ್ಟಿದ್ದೆ.

ಅಗಾಲಿ ನಮ್ಮ ಗಿರಾಕಿ. ರಾಬಿನ್ಸ್‌ವಿಲ್ ಹತ್ತಿರದ ವೇರ್‌ಹೌಸಿನಲ್ಲಿ ಕೆಲಸ. ತಲೆಗೆ ನೀಲಿ ಬಟ್ಟೆ ಸುತ್ತಿ, ಅದರ ಅಂಚನ್ನು ಗಲ್ಲದ ಕೆಳಗೆ ಇಳಿಸಿಕೊಂಡು ಮಸಾಲೆದೋಸೆ ತಿನ್ನುತ್ತಿದ್ದರು. ಆಫ್ರಿಕಾದ ಮಾಲಿ ದೇಶದ ಉತ್ತರದ ಮರಳುನಾಡಿನ ತುವಾರೆಗ್ ಜನ. ತೊಂಬತ್ತರ ದಶಕದಲ್ಲಿ ಅವರ ಜನ ಸರ್ಕಾರದ ವಿರುದ್ಧ ಬಂದೂಕು ಹಿಡಿದರು. ಆಮೇಲೆ ಬಣಬಣವಾಗಿ ಒಡೆದು ಅದೇ ಬಂದೂಕನ್ನು ಒಬ್ಬರ ಮೇಲೊಬ್ಬರು ತಿರುಗಿಸಿದರು. ಅಗಾಲಿ ಒಂದು ಬಣ, ಅವರ ಸೋದರತ್ತೆಯ ಮಗ ಮೂಸಾ ಇನ್ನೊಂದು. ಬಾವಿಯೊಂದರ ಬಳಿ ನಡೆದ ಕಾಳಗದಲ್ಲಿ ಮೂಸಾ ಕಡೆಯವರ ಗುಂಡಿಗೆ ಅಗಾಲಿಯ ತಮ್ಮ ಸತ್ತ. ಈಗ ಮೂಸಾ ನೆವಾರ್ಕಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು — ಅರ್ಧ ಗಂಟೆಯ ದಾರಿ — ಆದರೆ ಹದಿನೈದು ವರ್ಷದಿಂದ ಮಾತಿಲ್ಲ. ನನ್ನ ಪ್ರಬಂಧ ಆ ಕಾಳಗಗಳ ಬಗ್ಗೆ. ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, ಕೇಳಿ ಬರೆದುಕೊಳ್ಳುತ್ತಿದ್ದೆ.

ಒಂದು ದಿನ ಅಗಾಲಿ ಹೇಳಿದರು: ತಮ್ಮಲ್ಲಿ ಅತ್ತೆ ಮಕ್ಕಳು, ಮಾವನ ಮಕ್ಕಳು ಒಬ್ಬರನ್ನೊಬ್ಬರು ಬೈಯಲೇಬೇಕು, ಗೇಲಿ ಮಾಡಲೇಬೇಕು. ಸಿಟ್ಟಾಗುವಂತಿಲ್ಲ. ಬೈಗುಳ ಬಂತೆಂದರೆ ನಂಟು ಇದೆ ಎಂದರ್ಥ.

"ಮೂಸಾ ನನ್ನ ಬೈದು ಹದಿನೈದು ವರ್ಷ ಆಯ್ತು, ಸಿಸ್ಟರ್. ಮೊದಲು ಅವನು ಬೈಯಬೇಕು. ತಮ್ಮನ್ನ ಕಳ್ಕೊಂಡವನು ನಾನು. ಕಾಯ್ತೀನಿ."

ನನಗೆ ಮೈ ಜುಮ್ಮೆಂದಿತು. ನಮ್ಮಲ್ಲೂ ಹಾಗೇ ಅಲ್ಲವೇ! ಶಿವು ಗಂಡನಾಗುವ ಮುಂಚೆ ಹಬ್ಬಕ್ಕೆ ಬಂದಾಗಲೆಲ್ಲ ನಮ್ಮ ಜಗಲಿಯ ಮುಂದೆ ನಿಂತು ಕೂಗುತ್ತಿದ್ದ: "ಮೇಕೆ ಕಂಡ್ರೆ ಮರ ಹತ್ತೋಳು ಇನ್ನೂ ಬದುಕವ್ಳಾ?" ಅದನ್ನು ಕೇಳಲೆಂದೇ ನಾನು ಬಾಗಿಲ ಹಿಂದೆ ಕಾಯುತ್ತಿದ್ದೆ.

ಮುಂದಿನ ವಾರ ಅಗಾಲಿಯ ಮುಂದೆ ತಟ್ಟೆ ಇಟ್ಟಾಗ ಬಾಯಿ ತಾನಾಗಿ ತೆರೆಯಿತು — ಇಲ್ಲ, ತಾನಾಗಿ ಅಲ್ಲ, ಬಸ್ಸಿನಲ್ಲಿ ಎರಡು ದಿನ ಅದನ್ನೇ ಯೋಚಿಸಿದ್ದೆ — "ಮೂಸಾ ಕೇಳಿದ್ರು, ಮೇಕೆ ಕಂಡ್ರೆ ಮರ ಹತ್ತೋನು ಇನ್ನೂ ಬದುಕಿದಾನಾ ಅಂತ." ಹೇಳಿದ್ದು ಇಂಗ್ಲಿಷಿನಲ್ಲಿ. ಕಾವಲಿಯ ಮುಂದಿದ್ದ ಅತ್ತೆ 'ಗೋಟ್', 'ಟ್ರೀ' ಎಂಬ ಎರಡು ಮಾತು ಕಿವಿಗೆ ಬಿದ್ದು ತಿರುಗಿ ನೋಡಿದರು.

ಅಗಾಲಿ ತಲೆಬಟ್ಟೆಯ ಅಂಚನ್ನು ಮೂಗಿನವರೆಗೆ ಎಳೆದುಕೊಂಡರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಎರಡೂ ಇರಬೇಕು.

"ಮೇಕೆ? ನಾನಾ? ಅವನಿಗೆ ಹೇಳು — ಒಂಟೆ ಮೇಲೆ ಕೂತ್ರೆ ವಾಂತಿ ಮಾಡೋನಿಗೆ ಮರದ ಸುದ್ದಿ ಯಾಕೆ ಅಂತ!"

ಇದು ಅವರದೇ ಮಾತು. ಮರದ ಸುದ್ದಿ ಬಿಟ್ಟು, ಒಂಟೆಯ ಮಾತನ್ನಷ್ಟೇ ಫೋನಿನಲ್ಲಿ ಮೂಸಾಗೆ ಮುಟ್ಟಿಸಿದೆ. ಆ ಕಡೆ ಅವರು ಟ್ಯಾಕ್ಸಿಯನ್ನು ಪಕ್ಕಕ್ಕೆ ನಿಲ್ಲಿಸಿದ್ದು ಕೇಳಿಸಿತು. "ಅವನೇ ಅಂದನಾ? ತಾನೇ ಮೊದಲು?" ಹೌದು ಎಂದೆ. ಎರಡನೆಯ ಸುಳ್ಳು.

ಭಾನುವಾರ ಮೂಸಾ ಬಂದರು. ಬಾಗಿಲಲ್ಲೇ ಶುರುವಾಯಿತು. ಕತ್ತೆ, ಕಳ್ಳ, ಹಲ್ಲಿಲ್ಲದ ಒಂಟೆ — ನನಗೆ ತಿಳಿದದ್ದು ಇಷ್ಟು, ಉಳಿದದ್ದು ಅವರ ಭಾಷೆಯಲ್ಲಿ. ಅತ್ತೆ ಸೌಟು ಹಿಡಿದೇ ಓಡಿಬಂದರು. "ಲೇ, ಹೊಡೆದಾಡ್ಕಂಡಾರು ಕಣೇ, ಬಿಡಿಸೇ!"

"ಸುಮ್ನಿರಿ ಅತ್ತೆ, ನಂಟಸ್ತನ ನಡೀತಾ ಇದೆ."

ಕಾಫಿ ಬಂದ ಮೇಲೆ ಬೈಗುಳ ನಿಂತಿತು. ಮೂಸಾ ತಲೆ ತಗ್ಗಿಸಿ, ಸತ್ತ ತಮ್ಮನ ಹೆಸರು ಹೇಳಿದರು. "ಅವತ್ತು ನಾನೂ ಆ ಬಾವಿ ಹತ್ರ ಇದ್ದೆ." ಅಗಾಲಿ ತಮ್ಮ ಮುಂದಿದ್ದ ತಟ್ಟೆಯನ್ನು ಇಬ್ಬರ ನಡುವೆ ಸರಿಸಿದರು. ಒಂದೇ ದೋಸೆಯನ್ನು ಇಬ್ಬರೂ ಮುರಿದರು. ಅಷ್ಟು ಸಂತೋಷವನ್ನು ನನ್ನ ಮದುವೆಯಲ್ಲೂ ನಾನು ಕಂಡಿರಲಿಲ್ಲ — ಶಿವು ಇದನ್ನು ಓದಲಿ.

ಪ್ರಬಂಧದಲ್ಲಿ ಬರೆದೆ: ಮೊದಲ ಮಾತು ಮೂಸಾ ಅವರಿಂದ ಬಂತು. ಕೆಳಗೆ ಸಂದರ್ಶನದ ಟಿಪ್ಪಣಿ, ಇಲ್ಲದ ಸಂದರ್ಶನದ್ದು. ಇಡೀ ಬರಹದ ಜೀವ ಈ ಸಾಲಿನಲ್ಲಿದೆ ಎಂದು ಪ್ರೊಫೆಸರ್ ಅಡಿಗೆರೆ ಎಳೆದರು.

"ಮೊದಲು ಬೈದೋನು ನೀನು", "ನಾನಲ್ಲ, ನೀನು" — ಇಂದಿಗೂ ಅವರಿಬ್ಬರೂ ಕೂಡಿದಾಗಲೆಲ್ಲ ಇದೇ ಜಗಳ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ನಕ್ಕು ಪಾತ್ರೆ ತೊಳೆಯಲು ಒಳಗೆ ಹೋಗುತ್ತೇನೆ. ಅಗಾಲಿ ಹದಿನೈದು ವರ್ಷ ಕಾದದ್ದು ಒಂದೇ ಒಂದು ಮಾತಿಗಾಗಿ. ಅದು ಬರಲೇ ಇಲ್ಲ. ಬಂತೆಂದು ನಂಬಿ ಅವರು ಕ್ಷಮಿಸಿದರು. ಕ್ಷಮಿಸುವುದೋ ಬೇಡವೋ ಎಂಬ ತೀರ್ಮಾನ ಅವರದಾಗಿತ್ತು, ಅದನ್ನು ನಾನು... 'ಒಳ್ಳೆಯದೇ ಆಯಿತಲ್ಲ' ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ. ಈ ಭಾನುವಾರ ಅಗಾಲಿಯ ಮನೆಗೆ ಹೋಗುತ್ತೇನೆ. ಮೂಸಾ ಅವರನ್ನೂ ಕರೆದಿದ್ದೇನೆ. ಆಮೇಲೆ ಪ್ರೊಫೆಸರಿಗೂ ಬರೆಯಬೇಕು.

ಪ್ರಬಂಧ ಕೊಟ್ಟ ಆ ವರ್ಷ, ಪದವಿಯ ದಿನ ಇಬ್ಬರೂ ನೀಲಿ ಬಟ್ಟೆ ಸುತ್ತಿ, ಅತ್ತೆಯ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು. ನನ್ನ ಹೆಸರು ಕೂಗಿದಾಗ ಮೂಸಾ ಎದ್ದು ಅರಚಿದರು: "ಅಯ್ಯೋ, ಇವಳಿಗೂ ಕೊಟ್ರಾ!" ನನ್ನನ್ನೂ ಬೈದರು! ಗೌನು ಎತ್ತಿಕೊಂಡು ಓಡಿಬಂದು ಪ್ರಮಾಣಪತ್ರವನ್ನು ಅತ್ತೆಯ ಕೈಗಿಟ್ಟೆ. ಅವರು ಸೆರಗಿನಲ್ಲಿ ಬೆರಳು ಒರೆಸಿಕೊಂಡು ನನ್ನ ಹೆಸರಿನ ಮೇಲೆ ನಿಧಾನವಾಗಿ ಸವರಿದರು.

"ಚೆನ್ನಾಗೈತೆ ಕಣವ್ವ. ನಮ್ಮ ವಂಶಕ್ಕೇ ಮೊದಲ್ನೇದು." ಕಣ್ಣೊರೆಸಿಕೊಂಡರು. ಆ ಇಬ್ಬರ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ಆ ಮೇಕೆ ಮಾತು ನಮ್ ಶಿವೂದು. ಅವ್ರಿಗೆ ಯಾವಾಗ ಹೇಳ್ತೀಯ?"