ಗ್ರಹಣದ ದಿನದ ಕತ್ತರಿ

ಸದಾಶಿವ ಪೇಠದಲ್ಲಿ ಹಲವು ಬಾಡಿಗೆ ಸಂಸಾರಗಳಿರುವ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ಬೆಳಗಾವಿ ಕಡೆಯ ಶೈಲಶ್ರೀ ರವಿಕೆ ಹೊಲಿಯುತ್ತಾಳೆ. ಅಂದು ಚಂದ್ರಗ್ರಹಣ. ಸಂಜೆ ತನ್ನ ಏಳು ವರ್ಷದ ಮಗಳು ನೀಲಿಮಾಳ ಜೊತೆ ಮೆಟ್ಟಿಲಿಳಿಯುವಾಗ, ಕೆಳಮನೆಯ ರಂಗೂಬಾಯಿ ತನ್ನ ಬಸುರಿ ಸೊಸೆಯನ್ನು ಗದರುತ್ತಿದ್ದುದು ಕೇಳಿಸಿತು.

"ನೀತಾ, ಆ ಈಳಿಗಿ ತಗದಿಡು. ಗ್ರಹಣದಾಗ ಏನೂ ಹೆಚ್ಚಬಾರದು. ಮ್ಯಾಲಿನ ಶೈಲಾ ಬಸುರಿದ್ದಾಗ ಕತ್ತರಿ ಹಿಡದ್ಲು, ಆ ಹುಡುಗಿ ತುಟಿ ನೋಡೀಯಲ್ಲ?"

ಶೈಲಶ್ರೀ ಅಲ್ಲೇ ನಿಂತಳು. ಆ ವರ್ಷದ ಗ್ರಹಣದಲ್ಲಿ ಅವಳು ಕತ್ತರಿ ಮುಟ್ಟಿರಲಿಲ್ಲ. ಅತ್ತೆ ಹೇಳಿದಂತೆ ಕಿಟಕಿ ಮುಚ್ಚಿ, ನೀರೂ ಕುಡಿಯದೆ ಮಲಗಿದ್ದಳು. ಆದರೂ ಮಗು ಸೀಳುತುಟಿಯೊಂದಿಗೆ ಹುಟ್ಟಿತು. ಡಾಕ್ಟರು ಹೊಲಿದು ಸರಿಮಾಡಿದರು. ತೆಳುವಾದ ಗೆರೆಯೊಂದು ಉಳಿಯಿತು. ಹೊಲಿಗೆಯವಳಲ್ಲವೇ, ಕತ್ತರಿ ಹಿಡಿದಿರುತ್ತಾಳೆ ಎಂದು ಯಾರೋ ಅಂದರು. ಅದೇ ವಾಡೆಯ ಕತೆಯಾಯಿತು. ಅವಳು ಮೊದಮೊದಲು ಅಲ್ಲವೆಂದಳು, ಆಮೇಲೆ ಸುಮ್ಮನಾದಳು.

ನೀಲಿಮಾ ಸೆರಗು ಜಗ್ಗಿದಳು. "ಅವ್ವಾ, ಖರೇನ ನೀ ಕತ್ತರಿ ಹಿಡಿದಿದ್ದೇನ?"

"ಇಲ್ಲವ್ವಾ. ದೇವರಾಣಿ, ಮುಟ್ಟಿಲ್ಲ."

ಮಗಳು ಬೆರಳಿನಿಂದ ತನ್ನ ತುಟಿಯ ಗೆರೆ ಮುಟ್ಟಿಕೊಂಡಳು.

"ಇರ್ಲಿ ಬಿಡವ್ವಾ," ಎಂದಳು ಮೆಲ್ಲಗೆ. "ನಿನ್ನ ಮ್ಯಾಲೆ ನನಗೇನ ಸಿಟ್ಟಿಲ್ಲ."