ಸುಸ್ತಾದದ್ದು ಮಿಷನ್ನಿಗೆ

ನನ್ನ ನಾದಿನಿಯನ್ನು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ‘ರೈಲು’ ಎಂದೇ ಕರೆಯುತ್ತಿದ್ದರು. ಅವಳು ಮಿಷನ್ನು ತುಳಿಯಲು ಕೂತರೆ ನಡುವೆ ನಿಲ್ದಾಣವೇ ಇರುತ್ತಿರಲಿಲ್ಲ. ಶಾಲೆ ಮಕ್ಕಳ ಬಿಳಿ ಅಂಗಿ, ದಿನಕ್ಕೆ ಹದಿನಾಲ್ಕು. ಅದೇ ಕೋಣೆಯ ಗೋಡೆ ಬದಿ ಕೂತು ಅವಕ್ಕೆ ಗುಂಡಿ ಹಾಕುವವಳು ನಾನು. ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳು, “ಅತ್ತಿಗೆ, ಮನೇಲಿ ಅಳೋದನ್ನ ಅಂಗಡೀಲಿ ಕೂತು ಅಳಿ, ಗುಂಡಿನಾದ್ರೂ ಆಗುತ್ತೆ” ಎಂದು ಎಳೆದುಕೊಂಡು ಹೋಗಿ ಕೂರಿಸಿದವಳೂ ಅವಳೇ.

ಐವತ್ತೆಂಟಕ್ಕೆ ರೈಲು ಹಳಿ ತಪ್ಪಿತು. ಮೊದಮೊದಲು ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ತಲೆ ಬಾಚಿಕೊಂಡರೂ ಸುಸ್ತು. ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಎರಡು ಹೆಜ್ಜೆ ಓಡಿ, ಒಂದು ನಿಂತು, ಮತ್ತೆ ಎದ್ದುಬಿದ್ದು ಓಡುತ್ತಿತ್ತು. ಡಾಕ್ಟರು ಇಸಿಜಿ ಪಟ್ಟಿ ತೆಗೆದು ನೋಡಿ, “ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಬಡಿಯೋ ಬದಲು ನಡುಗ್ತಾ ಇವೆಯಮ್ಮ” ಎಂದರು.

“ನಾನೇನು ಬಾಡಿಗೆಗೆ ಕೊಟ್ಟಿದ್ದೀನಾ ಡಾಕ್ಟ್ರೇ, ಖಾಲಿ ಮಾಡ್ಸೋಕೆ?” ಎಂದಳು ಇವಳು.

ಎರಡು ಮಾತ್ರೆ ಕೊಟ್ಟರು. ಒಂದು ರಕ್ತ ಹೆಪ್ಪುಗಟ್ಟದಿರಲು, ಒಂದು ಓಟ ತಗ್ಗಿಸಲು. ಓಟ ತಗ್ಗಿಸುವ ಮಾತ್ರೆಯಿಂದಲೂ ಸ್ವಲ್ಪ ಸುಸ್ತಾಗಬಹುದಂತೆ. ಸುಸ್ತು ಎಂದು ಹೇಳಿಕೊಂಡು ಹೋದವಳು ಇನ್ನಷ್ಟು ಸುಸ್ತನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಳು. “ಕೆಲಸ ಬಿಡೋದು ಬೇಡ. ಆದ್ರೆ ಸುಸ್ತಾಗೋಕೆ ಮುಂಚೆನೇ ನಿಲ್ಸಿ. ಅರ್ಧ ಗಂಟೆ ತುಳಿದ್ರೆ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ,” ಎಂದಿದ್ದರು ಡಾಕ್ಟರು.

ಸುಮ್ಮನೆ ಕೂರುವುದು! ನಮ್ಮ ಟೈಲರ್ ಮಾಸ್ತರರ ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದದ್ದು ಮಾಸ್ತರರು ಒಬ್ಬರೇ. ಕೆಟ್ಟವರಲ್ಲ ಪಾಪ, ಅದೇ ತೊಂದರೆ. ಗುಂಡಿಗೆ ಕಾಜಾ ಹೊಲಿಯುವವಳಿಗೆ ಕಣ್ಣು ಮಂಜಾದಾಗ ಶಾಲು ಹೊದಿಸಿ, ಚಪ್ಪಾಳೆ ತಟ್ಟಿಸಿ, ಮರುದಿನದಿಂದ ಮನೆಯಲ್ಲಿರು ಎಂದಿದ್ದರು. ಇವಳಿಗೆ ಕಾಯಿಲೆಗಿಂತ ಆ ಶಾಲಿನ ಭಯ. ಕಿಟಕಿ ಪಕ್ಕದ ಆ ಮಿಷನ್ನು ಹೋದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. “ಅತ್ತಿಗೆ, ಬಾಯಿ ಬಿಟ್ರೆ ನೋಡಿ,” ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಹಾಗಾಗಿ ಅವಳ ಬದಲು ಮಿಷನ್ನು ಕಾಯಿಲೆ ಬಿತ್ತು. ಅರ್ಧ ಗಂಟೆ ತುಳಿದ ಮೇಲೆ ಕಾಲ ತುದಿಯಿಂದ ಚಕ್ರದ ಮೇಲಿನ ಚರ್ಮದ ಪಟ್ಟಿಯನ್ನು ಮೆಲ್ಲಗೆ ಜಾರಿಸುವಳು. “ಅಯ್ಯೋ, ಮತ್ತೆ ಬಿಚ್ಚಿತಲ್ಲ!” ಎಂದು ಬಗ್ಗಿ, ಮಿಷನ್ನಿನ ಕಾಲಿಗೆ ಹಣೆ ಒತ್ತಿಕೊಂಡು ಹತ್ತು ನಿಮಿಷ ಉಸಿರು ಎಳೆದುಕೊಳ್ಳುವಳು. ಹಿಂದಿನ ಮಿಷನ್ನಿನವಳು, “ಕೆನ್ನೆ ನೋಡು, ಹೇಗೆ ಕೆಂಪಗಿದೆ! ನಿನ್ನ ಆರೋಗ್ಯ ನಂಗಿದ್ದಿದ್ರೆ,” ಎಂದು ನಿಟ್ಟುಸಿರು ಬಿಡುವಳು.

ಮಿಷನ್ನಿನ ಕಷ್ಟ ಮಾಸ್ತರರಿಂದ ನೋಡಲಾಗಲಿಲ್ಲ. “ಮೂವತ್ತು ವರ್ಷ ದುಡಿದಿದೆ ಪಾಪ. ಅದಕ್ಕೊಂದು ಮೋಟರ್ ಹಾಕ್ಸಿಬಿಡ್ತೀನಿ. ಪಟ್ಟಿನೂ ಬೇಡ, ತುಳಿಯೋದೂ ಬೇಡ. ಇಪ್ಪತ್ತು ಅಂಗಿ ಆಗುತ್ತೆ, ಅಲ್ವೇನಮ್ಮ ರೈಲು?”

ಅವಳ ಮುಖ ನೋಡಬೇಕಿತ್ತು. ತುಳಿಯುವುದು ತಪ್ಪಿತು, ನಿಜ. ಆದರೆ ನೆಪವೂ ತಪ್ಪಿತು.

ಮೋಟರು ಹೊತ್ತು ತಂದ ಮೆಕ್ಯಾನಿಕ್ ಹಳೆಯ ಪಟ್ಟಿಯನ್ನು ಎಳೆದೆಳೆದು ನೋಡಿದ. “ಇದು ತಾನಾಗೇ ಜಾರೋ ಪಟ್ಟಿ ಅಲ್ಲ ಅಕ್ಕ,” ಎಂದ. ಇವಳು ಅವನಿಗೆ ನೀರು ತರಲು ಹೊರಗೆ ಹೋದಳು. ಬರುವಾಗ ಮೂರು ಮೆಟ್ಟಿಲು ಹತ್ತಿ, ಬಾಗಿಲು ಹಿಡಿದು ನಿಂತುಬಿಟ್ಟಳು. ಲೋಟದ ನೀರು ಅರ್ಧ ನೆಲಕ್ಕೆ ಚೆಲ್ಲಿತ್ತು. ಅವನು ಎದ್ದು ಹೋಗಿ ಲೋಟ ಇಸಿದುಕೊಂಡ.

“ನಮ್ಮಮ್ಮನೂ ಹೀಗೇ ಬಾಗಿಲು ಹಿಡ್ಕೊಂಡು ನಿಲ್ತಿದ್ರು,” ಎಂದ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ. “ಡಾಕ್ಟ್ರು ಎಷ್ಟು ಹೊತ್ತು ಕೂರ್ಬೇಕು ಅಂದಿದ್ದಾರೆ?”

“ಅರ್ಧ ಗಂಟೆಗೆ ಹತ್ತು ನಿಮಿಷ,” ಎಂದೆ ನಾನು. ಕೊಟ್ಟ ಮಾತು ಮುರಿದದ್ದಕ್ಕೆ ನಾದಿನಿ ನನ್ನನ್ನು ನುಂಗುವಂತೆ ನೋಡಿದಳು.

ಅವನು ರಟ್ಟು ಹರಿದು ದಪ್ಪಕ್ಷರದಲ್ಲಿ ಬರೆದು ಮಿಷನ್ನಿಗೆ ಅಂಟಿಸಿದ: ‘ಅರ್ಧ ಗಂಟೆ ಓಡಿಸಿದ ನಂತರ ಹತ್ತು ನಿಮಿಷ ಕಡ್ಡಾಯವಾಗಿ ವಿಶ್ರಾಂತಿ ಕೊಡತಕ್ಕದ್ದು.’ ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಸರಿಯಪ್ಪ, ಯಂತ್ರ ಅಂದ್ಮೇಲೆ ವಿಶ್ರಾಂತಿ ಬೇಡ್ವೇ?” ಎಂದರು.

ಅಂದಿನಿಂದ ಆ ಹತ್ತು ನಿಮಿಷ ಅಂಗಡಿಯೇ ಮೋಟರಿಗೆ ಮರ್ಯಾದೆ ಕೊಟ್ಟಿತು. ಅಂಗಿ ಹದಿನಾಲ್ಕರ ಮೇಲೆ ಒಂದೂ ಹೆಚ್ಚಾಗಲಿಲ್ಲ. ಮಾಸ್ತರರು ಅದಕ್ಕೆ ಮೋಟರು ಕಂಪನಿಯನ್ನು ಬೈದರು.

ಶಾಲೆ ತೆರೆಯುವ ಹಿಂದಿನ ವಾರ ಒಂದು ಕಾಲರು ಮುಗಿಸಿಯೇ ಏಳೋಣವೆಂದು ನಾದಿನಿ ಹೊತ್ತು ಮೀರಿ ಓಡಿಸುತ್ತಿದ್ದಳು. ತುಟಿ ಬಿಳುಚಿತ್ತು. ನಾನು ಕೆಮ್ಮಿದೆ, ಕತ್ತರಿ ಬೀಳಿಸಿದೆ, ಅವಳು ತಿರುಗಲಿಲ್ಲ. ಅಷ್ಟರಲ್ಲಿ ಮಾಸ್ತರರು ಕುರ್ಚಿ ತಳ್ಳಿ ಎದ್ದು ಬಂದು, ಗೋಡೆಯ ಸ್ವಿಚ್ಚನ್ನು ಪಟ್ಟನೆ ಆರಿಸಿದರು.

“ನಿಂಗೆ ಕರುಣೆ ಅನ್ನೋದೇ ಇಲ್ವೇನಮ್ಮ? ಅದು ಸುಟ್ಟು ಹೋದ್ರೆ ಬೇರೆ ಎಲ್ಲಿಂದ ತರ್ಲಿ? ಕೂತ್ಕೋ ಸುಮ್ನೆ!”

ನಾದಿನಿ ಕಿಟಕಿಗೆ ತಲೆಯೊರಗಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಸುಮ್ಮನೆ ಕೂತಳು.